ಬ್ರೇಕಿಗೂ ಉಸಿರು ಬೇಕು

ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಯ ರಸ್ತೆಗಳ ಅಂಚನ್ನು ಒಮ್ಮೆ ಗಮನಿಸಿ ನೋಡಿ. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗಿರಲಿ, ಕಳಸದಿಂದ ಹೊರನಾಡಿನ ಕಡೆಗಿರಲಿ, ತೋಟದ ಬೇಲಿ ಗೂಟಗಳಿಗೆ ಅಲ್ಲೊಂದು ಇಲ್ಲೊಂದು ಕಾರಿನ ವೀಲ್ ಕವರ್ ನೇತುಹಾಕಿರುತ್ತಾರೆ. ಗುಂಡಿಗೆ ಚಕ್ರ ಬಿದ್ದ ಏಟಿಗೆ ಕಳಚಿ ಚರಂಡಿಗೆ ಉರುಳಿದವು ಅವು. ಕಳೆದುಕೊಂಡವರು ಬಂದು ಒಯ್ಯಲಿ ಎಂದು ಯಾರೋ ಪುಣ್ಯಾತ್ಮರು ಎತ್ತಿ ಸಿಕ್ಕಿಸಿರುತ್ತಾರೆ. ಹಾಗೆ ಹುಡುಕಿಕೊಂಡು ಬರುವವರು ಕಡಿಮೆ. ಹಾಗಾಗಿ ನಮ್ಮೂರಿನ ಹಳೆಯ ಕಾರುಗಳಲ್ಲಿ ಎಡಗಡೆ ಒಂದು ಜಾತಿ, ಬಲಗಡೆ ಇನ್ನೊಂದು ಜಾತಿಯ ಕವರ್ ಕಂಡರೆ ಆಶ್ಚರ್ಯವಿಲ್ಲ.

ನಮ್ಮ ಮನೆಯ ಮಾರುತಿ 800ರ ಕಥೆಯೂ ಅದೇ. ಹೊಸದು ತಂದು ಹಾಕಿದರೆ ಒಂದು ಮಳೆಗಾಲ ಬಾಳುವುದೇ ಹೆಚ್ಚು. ಈ ಕಾರಿನ ಉತ್ಪಾದನೆ 2014ರ ಜನವರಿಯಲ್ಲೇ ನಿಂತಿದೆ. 12 ಇಂಚಿನ ಪುಟ್ಟ ಚಕ್ರಕ್ಕೆ ಸರಿಹೊಂದುವ ಒಳ್ಳೆಯ ಕವರ್ ಸಿಗುವುದೂ ಕಷ್ಟವಾಗುತ್ತಿದೆ. ಕಳೆದ ಬೇಸಿಗೆ ರಜೆಗೆ ಕರಾವಳಿಯಿಂದ ಬಂದಿದ್ದ ನನ್ನ ತಮ್ಮ ಚಕ್ರಗಳನ್ನು ನೋಡಿ ನಕ್ಕ. "ಮಲ್ಪೆಯಲ್ಲಿ ಫೈಬರ್‌ಗ್ಲಾಸ್‌ನಲ್ಲಿ ದೋಣಿಯನ್ನೇ ಮಾಡ್ತಾರೆ ಅಕ್ಕಾ. ಇದು ಒಂದು ತಟ್ಟೆ. ನಾವೇ ಮಾಡೋಣ" ಅಂದ. ಅವನಿಗೆ ದೋಣಿ ಕಟ್ಟುವವರ ಜೊತೆ ಒಡನಾಟವಿದೆ, ಕೆಲಸ ಗೊತ್ತಿದೆ. ಎಂಟನೆಯ ತರಗತಿಯ ಮಗಳು ಆಗಲೇ ಟೇಪು ಹಿಡಿದು ಚಕ್ರದ ಮುಂದೆ ಕೂತಿದ್ದಳು.

ನಾನು ಒಪ್ಪಿದೆ. ಆದರೆ ಒಂದು ಷರತ್ತು ಹಾಕಿದೆ: ಈ ಕಾರಿನಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯುವವಳು ನಾನು. ಚಂದಕ್ಕಿಂತ ಮೊದಲು ಬ್ರೇಕಿನ ಮಾತಾಡೋಣ.

ಒಂದು ಕೊಡ ಕುದಿಯುವ ನೀರು

ವೀಲ್ ಕವರಿಗೂ ಬ್ರೇಕಿಗೂ ಏನು ಸಂಬಂಧ ಎಂದು ಕೇಳಬಹುದು. ಮಗಳ ಜೊತೆ ಮಾಡಿದ ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ. ಶಾಲೆಯಲ್ಲಿ ಕಲಿತ ಸೂತ್ರವೇ ಸಾಕು.

ಕಾರು, ಒಳಗೆ ಕೂತವರು, ಚೀಲ, ಬುಟ್ಟಿ ಎಲ್ಲ ಸೇರಿ ಸುಮಾರು 1,000 ಕಿಲೋ ಎಂದಿಟ್ಟುಕೊಳ್ಳಿ. ಘಾಟಿಯಲ್ಲಿ 500 ಮೀಟರ್ ಎತ್ತರ ಇಳಿದರೆ 1,000 × 9.8 × 500, ಅಂದರೆ 49 ಲಕ್ಷ ಜೌಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಮೇಲೆ ಹೊರಟಾಗಿನ ವೇಗದಲ್ಲೇ ಕೆಳಗೂ ತಲುಪಬೇಕಾದರೆ ಅದರ ದೊಡ್ಡ ಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಬೇಕಾದದ್ದು ಸುಮಾರು 3.14 ಲಕ್ಷ ಜೌಲ್. ಭಾಗಿಸಿ ನೋಡಿ: 15 ಲೀಟರಿಗೂ ಹೆಚ್ಚು! ಒಂದು ದೊಡ್ಡ ಕೊಡದ ತುಂಬ ನೀರನ್ನು ಕುದಿಬಿಂದುವಿಗೆ ತರುವಷ್ಟು ಶಾಖ.

ಕೆಳಗಿನ ಗೇರಿನಲ್ಲಿ ಇಳಿದರೆ ಇದರಲ್ಲಿ ಒಳ್ಳೆಯ ಪಾಲನ್ನು ಎಂಜಿನ್ ತಾನೇ ತಡೆದುಕೊಳ್ಳುತ್ತದೆ. "ಹತ್ತಿದ ಗೇರಿನಲ್ಲೇ ಇಳಿ" ಎಂದು ನಮ್ಮ ಜೀಪು ಡ್ರೈವರ್‌ಗಳು ಹೇಳುವುದು ಅದಕ್ಕೇ. ಉಳಿದದ್ದು ಮುಂದಿನ ಚಕ್ರಗಳ ಡಿಸ್ಕಿಗೆ, ಹಿಂದಿನ ಚಕ್ರಗಳ ಡ್ರಮ್ಮಿಗೆ. ಆ ಶಾಖವನ್ನು ಹೊತ್ತೊಯ್ಯಲು ಗಾಳಿ ಬೇಕು. ಕಬ್ಬಿಣದ ರಿಮ್ಮಿನಲ್ಲಿ ಸುತ್ತಲೂ ತೂತುಗಳಿರುವುದು ಬರೀ ಅಂದಕ್ಕಲ್ಲ. ಗಾಳಿ ಆಡಲೂ ಅವು ಬೇಕು. ಅದರ ಮೇಲೆ ಗಾಳಿಯಾಡದ ತಟ್ಟೆ ಮುಚ್ಚಿದರೆ ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಬ್ರೇಕು ಅತಿಯಾಗಿ ಕಾದರೆ ಹಿಡಿತ ತಗ್ಗುತ್ತದೆ. ಪೆಡಲ್ ಎಷ್ಟು ಒತ್ತಿದರೂ ಕಾರು ಜಾರಿದಂತೆ ಅನಿಸುತ್ತದೆ. ಘಾಟಿಯ ತಿರುವಿನಲ್ಲಿ ಅದಕ್ಕಿಂತ ಭಯದ ಗಳಿಗೆ ಬೇರೆ ಇಲ್ಲ.

ಉಪ್ಪಿನ ಬಯಲಿನ ತಟ್ಟೆ

ಹಾಗಾದರೆ ಪೂರ್ತಿ ಮುಚ್ಚಿದ ಕವರ್‌ಗಳೇ ಇಲ್ಲವೇ? ಇವೆ. ಅಮೆರಿಕದ ಯೂಟಾ ರಾಜ್ಯದಲ್ಲಿ ಬೋನ್‌ವಿಲ್ ಎಂಬ ಉಪ್ಪಿನ ಬಯಲಿದೆ. ಕಣ್ಣು ಹಾಯುವವರೆಗೂ ಚಪ್ಪಟೆ. ಅತಿ ವೇಗದ ದಾಖಲೆಗಾಗಿ ಅಲ್ಲಿ ಕಾರು ಓಡಿಸುತ್ತಾರೆ. ಆ ಕಾರುಗಳಿಗೆ ನುಣುಪಾದ ಅಲ್ಯೂಮಿನಿಯಂ ತಟ್ಟೆಗಳನ್ನು ಹೊದಿಸುವ ಪದ್ಧತಿ ಬೆಳೆಯಿತು. ಕ್ಯಾಲಿಫೋರ್ನಿಯಾದ ಡೀನ್ ಮೂನ್ ಎಂಬವರ ಕಂಪನಿ ತಯಾರಿಸಿದ ಇಂಥ ತಟ್ಟೆಗಳಿಗೆ 'ಮೂನ್ ಡಿಸ್ಕ್' ಎಂದೇ ಹೆಸರು. ತಿರುಗುವ ಚಕ್ರದ ಸಂದುಗಳಲ್ಲಿ ಗಾಳಿ ಸುಳಿದಾಡಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ. ತಟ್ಟೆ ಅದನ್ನು ತಡೆಯುತ್ತದೆ.

ಇವತ್ತಿನ ಕೆಲವು ವಿದ್ಯುತ್ ಕಾರುಗಳಿಗೂ ಬಹುಪಾಲು ಮುಚ್ಚಿದ ಕವರ್ ಇರುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ಇನ್ನಷ್ಟು ದೂರ ಓಡಲಿ ಎಂಬ ಲೆಕ್ಕ. ಅವು ವೇಗ ತಗ್ಗಿಸುವಾಗ ಮೋಟರನ್ನೇ ಬಳಸಿ ಬ್ಯಾಟರಿಗೆ ವಿದ್ಯುತ್ ಹಿಂದಿರುಗಿಸುತ್ತವೆ. ಹಾಗಾಗಿ ಬ್ರೇಕಿಗೆ ಕೆಲಸ ಕಡಿಮೆ.

ನಮಗೆ ಈ ಲಾಭ ಎಷ್ಟು? ಗಾಳಿಯ ತಡೆ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಇರುವ ತಡೆ 30 ಕಿ.ಮೀ. ವೇಗದಲ್ಲಿ ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಕಳಸದ ತಿರುವುಗಳಲ್ಲಿ 30–40ರಲ್ಲಿ ಹೋಗುವ ನಮಗೆ ಮುಚ್ಚಿದ ತಟ್ಟೆಯಿಂದ ಸಿಗುವ ಪೆಟ್ರೋಲ್ ಉಳಿತಾಯ ಲೆಕ್ಕಕ್ಕೇ ಬಾರದು. ಇಳಿಜಾರಿನಲ್ಲಿ ಕಳೆದುಕೊಳ್ಳುವ ತಂಪು ಮಾತ್ರ ಲೆಕ್ಕಕ್ಕೆ ಬರುತ್ತದೆ. ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ರ್‍ಯಾಲಿ ನಡೆದಾಗ ನೋಡಿದವರಿಗೆ ಗೊತ್ತು: ಆ ಕಾರುಗಳಿಗೆ ವೀಲ್ ಕವರೇ ಇರುವುದಿಲ್ಲ.

ಹೀಗಾಗಿ ನಮ್ಮ ತೀರ್ಮಾನ ಸುಲಭವಾಯಿತು. ಬಯಲಿನ ತಟ್ಟೆ ಬಯಲಿಗೆ. ಬೆಟ್ಟದ ಕವರಿಗೆ ಗಾಳಿ ಹೋಗುವಷ್ಟು ತೂತು, ಕೆಸರು ಹೊರಬೀಳುವಷ್ಟು ದಾರಿ, ಕಳಚದಷ್ಟು ಬಿಗಿ ಇರಬೇಕು.

ಗಾಜಿನ ನಾರು, ಅಂಟಿನ ಗೋಡೆ

ಗಾಜು ಒಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಅದನ್ನೇ ಕರಗಿಸಿ ಕೂದಲಿಗಿಂತ ತೆಳುವಾದ ಎಳೆಯಾಗಿ ಎಳೆದರೆ ಬಾಗುತ್ತದೆ, ಎಳೆತಕ್ಕೆ ಜಗ್ಗುವುದಿಲ್ಲ. ಅಮೆರಿಕದಲ್ಲಿ ಗೇಮ್ಸ್ ಸ್ಲೇಟರ್ ಎಂಬ ಎಂಜಿನಿಯರಿಗೆ ಗಾಜಿನ ಉಣ್ಣೆ ತಯಾರಿಸುವ ವಿಧಾನಕ್ಕೆ 1938ರಲ್ಲಿ ಪೇಟೆಂಟ್ ಸಿಕ್ಕಿತು. ನಾರನ್ನು ರೆಸಿನ್ ಎಂಬ ಅಂಟಿನಲ್ಲಿ ನೆನೆಸಿ ಗಟ್ಟಿಯಾಗಿಸಿದರೆ ಫೈಬರ್‌ಗ್ಲಾಸ್. ನಮ್ಮ ಹಿರಿಯರು ಮಣ್ಣಿನ ಗೋಡೆಗೆ ಹುಲ್ಲು ಬೆರೆಸಿ ತುಳಿಯುತ್ತಿದ್ದರಲ್ಲ, ಅದೇ ಉಪಾಯ. ಹುಲ್ಲಿಲ್ಲದ ಮಣ್ಣು ಬಿರಿಯುತ್ತದೆ, ಮಣ್ಣಿಲ್ಲದ ಹುಲ್ಲು ನಿಲ್ಲುವುದಿಲ್ಲ.

ಇದರಿಂದ ಇಡೀ ಕಾರನ್ನೇ ಮಾಡಿದ್ದಾರೆ. 1953ರ ಶೆವರ್ಲೆ ಕಾರ್ವೆಟ್ ಕಾರಿನ ಮೈ ಫೈಬರ್‌ಗ್ಲಾಸ್‌ನದು. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನಲ್ಲೇ ಸಿಪಾನಿಯವರು 1982ರಿಂದ 'ಡಾಲ್ಫಿನ್' ಎಂಬ ಕಾರು ತಯಾರಿಸಿದರು. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿದ್ದು, 848 ಸಿಸಿ ಎಂಜಿನ್, ಫೈಬರ್‌ಗ್ಲಾಸ್ ಮೈ. ತುಕ್ಕು ಹಿಡಿಯದ, ಹಗುರವಾದ ಆ ಕಾರು ರ್‍ಯಾಲಿಗಳಲ್ಲೂ ಓಡಿತು. ಅದಕ್ಕೂ ಮೊದಲು ಇದೇ ಬಳಗದಿಂದ 'ಬಾದಲ್' ಎಂಬ ಮೂರು ಚಕ್ರದ ಫೈಬರ್‌ಗ್ಲಾಸ್ ಬಂಡಿ ಬಂದಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಡಾಲ್ಫಿನ್ನಿಗೆ ಮಾರುಕಟ್ಟೆಯಲ್ಲಿ ನಿಲ್ಲುವುದು ಕಷ್ಟವಾಯಿತು. ಈಗ ಮಾರುತಿಗೇ ಫೈಬರ್‌ಗ್ಲಾಸ್ ತೊಡಿಸಲು ಹೊರಟಿದ್ದೆವು ನಾವು!

ಕಣ ಖಾಲಿಯಾದ ಮೇಲೆ

ಕೆಲಸಕ್ಕೆ ಕಾಲ ನೋಡಬೇಕು. ರೆಸಿನ್ನಿಗೆ ತೇವ ಆಗದು, ಚಳಿ ಆಗದು. ನಮ್ಮ ಮಳೆಗಾಲದಲ್ಲಿ ಇದನ್ನು ಮಾಡಹೊರಟರೆ ಅಂಟಂಟಾಗಿಯೇ ಉಳಿದೀತು. ಕಾಫಿ ಒಣಗಿಸಿ, ಚೀಲ ತುಂಬಿ ಸಾಗಿಸಿ, ಕಣ ಖಾಲಿಯಾದ ಮೇಲೆ ಬೀಳುವ ಒಣ ದಿನಗಳೇ ಸರಿ. ಹೂಮಳೆಯ ಮೋಡ ಕಂಡರೆ ಎಲ್ಲ ಒಳಗಿಡಬೇಕು. ಇನ್ನೊಂದು ಮಾತು: ಮನೆಯಲ್ಲಿ ಕಾಫಿ ದಾಸ್ತಾನಿದ್ದರೆ ಅದರ ಹತ್ತಿರ ಈ ಕೆಲಸ ಬೇಡ. ರೆಸಿನ್ನಿನ ಘಾಟು ವಾಸನೆಯನ್ನು ಕಾಫಿ ಬೀಜ ಹೀರಿಕೊಂಡುಬಿಡುತ್ತದೆ.

ಮೊದಲು ಅಳತೆ. ಟೈರಿನ ಮೇಲೆ ಬರೆದ 12 ಇಂಚು ಎಂಬುದು ಟೈರು ಕೂರುವ ಜಾಗದ ವ್ಯಾಸ. ರಿಮ್ಮಿನ ಹೊರ ಅಂಚು ಅದಕ್ಕಿಂತ ದೊಡ್ಡದು. ಅಳೆದು ನೋಡಿ ನಮ್ಮ ಕವರಿಗೆ 33 ಸೆಂ.ಮೀ. ವ್ಯಾಸ ಗೊತ್ತುಮಾಡಿದೆವು. ಟೈರಿನ ಪಕ್ಕೆಯಿಂದ ಅದು ಹೊರಗೆ ಚಾಚಬಾರದು.

ಆಮೇಲೆ ಅಚ್ಚು. ಕವರಿನ ಅರ್ಧ ಆಕಾರವನ್ನು ಮಗಳು ರಟ್ಟಿನ ಮೇಲೆ ಬರೆದಳು. ಅದರಂತೆ ತಗಡು ಕತ್ತರಿಸಿ, ಹಲಗೆಯ ನಡುವೆ ಹೊಡೆದ ಮೊಳೆಗೆ ಸಿಕ್ಕಿಸಿದೆವು. ಹಲಗೆಯ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು, ಅದು ಗಟ್ಟಿಯಾಗುವಷ್ಟರಲ್ಲಿ ತಗಡನ್ನು ಸುತ್ತ ತಿರುಗಿಸಿದರೆ ಕುಂಬಾರನ ಚಕ್ರದ ಕೆಲಸ ತಿರುಗುಮುರುಗಾದಂತೆ ಅಚ್ಚುಕಟ್ಟಾದ ದುಂಡು ತಟ್ಟೆಯ ಗುಂಡಿ ಸಿದ್ಧ. ಅದನ್ನು ಕೆಲವು ದಿನ ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ, ಉಜ್ಜಿ, ಮೇಲೆ ಅರಗಿನ ಪಾಲಿಶ್ ಬಳಿಯಬೇಕು.

ಹಲಸಿನ ಹಣ್ಣು ಬಿಡಿಸುವ ಮುಂಚೆ ಕೈಗೂ ಕತ್ತಿಗೂ ಎಣ್ಣೆ ಸವರುತ್ತೇವಲ್ಲ? ಇಲ್ಲೂ ಹಾಗೆ. ಎಣ್ಣೆಯ ಬದಲು ಅಚ್ಚು ಬಿಡಿಸಲೆಂದೇ ಮಾರುವ ಮೇಣವನ್ನು ನಾಲ್ಕೈದು ಸಲ ಹಚ್ಚಿ ಒರೆಸಬೇಕು. ಇಲ್ಲದಿದ್ದರೆ ಕವರೂ ಅಚ್ಚೂ ಒಂದೇ ಆಗಿಬಿಡುತ್ತವೆ.

ದೊಡ್ಡವರ ಕೆಲಸ, ಚಿಕ್ಕವರ ಕೆಲಸ

ಇಲ್ಲಿಂದ ಮುಂದೆ ಮಕ್ಕಳು ಹತ್ತು ಮಾರು ದೂರ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ರೆಸಿನ್ನಿನ ಆವಿ ತಲೆ ಸುತ್ತಿಸುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ. ಬಯಲಲ್ಲೇ ಕೆಲಸ ಮಾಡಬೇಕು, ಹತ್ತಿರ ಒಲೆ, ಬೀಡಿ, ಬೆಂಕಿಕಡ್ಡಿ ಇರಬಾರದು. ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೇ ಅಪಾಯ; ಕನ್ನಡಕ, ಕೈಗವಸು, ಆವಿ ತಡೆಯುವ ಮುಖವಾಡ ಬೇಕೇ ಬೇಕು. ಕೋಬಾಲ್ಟ್ ಎಂಬ ಇನ್ನೊಂದು ದ್ರಾವಣ ಮತ್ತು ಹಾರ್ಡ್‌ನರ್ ನೇರವಾಗಿ ಸೇರಿದರೆ ಸ್ಫೋಟವಾಗಬಹುದು. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ನನ್ನೇ ಕೇಳಿ ತರುವುದು ಕ್ಷೇಮ. ನಮ್ಮ ಮನೆಯಲ್ಲಿ ಈ ಭಾಗವನ್ನು ಅನುಭವವಿದ್ದ ತಮ್ಮನೊಬ್ಬನೇ ಮಾಡಿದ. ಗೊತ್ತಿರುವವರು ಜೊತೆಗಿಲ್ಲದೆ ಯಾರೂ ಕೈ ಹಾಕಬೇಡಿ.

ಮಗಳಿಗೆ ಕೆಲಸವಿರಲಿಲ್ಲವೆಂದಲ್ಲ. ತೂಕದ ಲೆಕ್ಕ ಪೂರ್ತಿ ಅವಳದೇ. 33 ಸೆಂ.ಮೀ. ವ್ಯಾಸದ ವೃತ್ತದ ವಿಸ್ತೀರ್ಣ ಸುಮಾರು 855 ಚದರ ಸೆಂ.ಮೀ. ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ಮ್ಯಾಟ್ ಎರಡು ಪದರ ಹಾಕಿದರೆ 77 ಗ್ರಾಂ. ಅದಕ್ಕೆ ಎರಡೂವರೆ ಪಟ್ಟು ರೆಸಿನ್, ಅಂದರೆ ಹತ್ತಿರ ಹತ್ತಿರ 200 ಗ್ರಾಂ. ಹಾರ್ಡ್‌ನರ್ ನೂರಕ್ಕೆ ಒಂದೂವರೆ, ಅಂದರೆ 3 ಗ್ರಾಂ. ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ, ಜೊತೆಗೆ ಡಬ್ಬಿಯಲ್ಲೇ ಹೊಗೆಯೇಳುವಷ್ಟು ಕಾಯುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದೇ ಕವರಿಗೆ ಸಾಕಾಗುವಷ್ಟು ಕಲಸುವುದು.

ಮೊದಲು ಬಣ್ಣದ ಜೆಲ್‌ಕೋಟ್. ಹೊರಗೆ ಕಾಣುವ ನುಣುಪು ಮುಖ ಅದೇ. ಅದು ಬೆರಳಿಗೆ ಅಂಟಿಯೂ ಅಂಟದಂತಾದಾಗ ಮ್ಯಾಟ್ ಹಾಸಿ, ಬ್ರಷ್ಷಿನಿಂದ ರೆಸಿನ್ ಕುಟ್ಟಿ ಕುಟ್ಟಿ ಇಳಿಸಬೇಕು. ಬಿಳಿಯ ಮ್ಯಾಟ್ ನೆನೆದು ಕಣ್ಣಿಗೆ ಕಾಣದಂತಾದರೆ ಒಳಗೆ ಗಾಳಿ ಉಳಿದಿಲ್ಲ ಎಂದರ್ಥ. ಅಂಚಿಗೆ ಇನ್ನೊಂದು ಪಟ್ಟಿ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಬಿಡಿಸುವುದು. ದಿನಕ್ಕೊಂದರಂತೆ ನಾಲ್ಕು ದಿನ. ಅಂಚನ್ನು ನೀರು ಹಾಕಿಕೊಂಡೇ ಉಜ್ಜಬೇಕು. ಒಣ ಪುಡಿ ಶ್ವಾಸಕ್ಕೆ ಕೆಟ್ಟದ್ದು, ಮೈಗೆ ಹತ್ತಿದರೆ ತುರಿಕೆ. ಹತ್ತಿದರೆ ತಣ್ಣೀರಿನಲ್ಲಿ ತೊಳೆಯಿರಿ. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ.

ಎಂಟು ತೂತು

ತೂತುಗಳ ಜಾಗ ಗುರುತಿಸಿದ್ದು ಮತ್ತೆ ಮಗಳೇ. ಕಾಗದದ ವೃತ್ತವನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿದರೆ ಎಂಟು ಸಮಪಾಲು. ಪ್ರತಿ ಗೆರೆಯ ಮೇಲೂ 5 ಸೆಂ.ಮೀ.ನ ಒಂದೊಂದು ತೂತು. ನೀರಿನ ಟ್ಯಾಂಕಿಗೆ ಪೈಪು ಕೂರಿಸಲು ಪ್ಲಂಬರ್ ಬಳಸುವ ದುಂಡು ಗರಗಸವೇ ಸಾಕು. ಎಂಟೂ ಸೇರಿ ಸುಮಾರು 157 ಚದರ ಸೆಂ.ಮೀ., ಅಂದರೆ ಕವರಿನ ಹತ್ತಿರ ಹತ್ತಿರ ಐದನೇ ಒಂದು ಪಾಲು ಬರೀ ಗಾಳಿ. ಜೊತೆಗೆ ಕವರಿಗೂ ರಿಮ್ಮಿಗೂ ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟಿದ್ದೇವೆ. ಟೈರಿಗೆ ಗಾಳಿ ಹಾಕುವ ಮೂತಿಗೂ ಒಂದು ಪುಟ್ಟ ತೂತು.

ತೂತುಗಳು ಅಳತೆ ತಪ್ಪಬಾರದು. ಯಾಕೆ? ಮಾರುತಿಯ ಚಕ್ರ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹತ್ತು ಸುತ್ತಿಗೂ ಹೆಚ್ಚು ತಿರುಗುತ್ತದೆ. ಆಗ ಅಂಚಿನ ಪ್ರತಿ ಚೂರೂ ತನ್ನ ತೂಕದ 70 ಪಟ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಒಂದು ಕಡೆ 10 ಗ್ರಾಂ ರೆಸಿನ್ ಹೆಚ್ಚಾಗಿ ಕೂತಿದ್ದರೆ ಅಲ್ಲಿ 700 ಗ್ರಾಂ ಭಾರ ಜೋತುಬಿದ್ದಂತೆ! ಚಕ್ರ ಅದುರುತ್ತದೆ. ಅದಕ್ಕೆ ಪ್ರತಿ ಕವರನ್ನೂ ನಡುವೆ ದಾರ ಕಟ್ಟಿ ತೂಗುಬಿಟ್ಟೆವು. ವಾಲಿದ ಕಡೆಗೆ ಒಳಮೈ ಉಜ್ಜಿ ಸಮ ಮಾಡಿದೆವು. ಕೊನೆಗೆ ಒಂದೊಂದೂ ಕಾಲು ಕಿಲೋ ಆಸುಪಾಸು ತೂಗಿತು.

ಕೂರಿಸುವ ವಿಷಯದಲ್ಲಿ ಎರಡು ಮಾತು. ಚಕ್ರದ ನಟ್ಟಿನ ಅಡಿಗೆ ಫೈಬರ್‌ಗ್ಲಾಸ್ ಸಿಕ್ಕಿಸಿ ಬಿಗಿಯಬಾರದು. ಒತ್ತಡಕ್ಕೆ ಅದು ನಿಧಾನವಾಗಿ ತೆಳುವಾದರೆ ನಟ್ಟು ಸಡಿಲವಾಗುತ್ತದೆ, ಚಕ್ರಕ್ಕೇ ಅಪಾಯ. ಎರಡನೆಯದು, ಬರೀ ಒತ್ತಿ ಕೂರಿಸಿದರೆ ಗುಂಡಿಯ ಏಟಿಗೆ ಹಾರುತ್ತದೆ; ಹಿಂದೆ ಬೈಕಿನಲ್ಲಿ ಬರುವವರಿಗೆ ಬಡಿದರೆ ಗತಿ? ಹಳೆಯ ಮುರಿದ ಕವರುಗಳ ಸ್ಪ್ರಿಂಗ್ ಕ್ಲಿಪ್ಪುಗಳನ್ನು ರಿವೆಟ್ ಹೊಡೆದು ಕೂರಿಸಿ, ಮೇಲೆ ರಿಮ್ಮಿನ ತೂತುಗಳ ಮೂಲಕ ನಾಲ್ಕು ಕಡೆ ಕೇಬಲ್ ಟೈ ಬಿಗಿದೆವು. ಪಂಕ್ಚರಾದರೆ ಕತ್ತರಿಸಲು ಒಂದು ಕಟಿಂಗ್ ಪ್ಲೇಯರ್, ಬದಲಿಗೆ ಒಂದಷ್ಟು ಟೈ ಕಾರಿನಲ್ಲೇ ಇರುತ್ತವೆ.

ಮೇಣದ ಸಾಕ್ಷಿ

ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ 60–80 ಡಿಗ್ರಿ ಶಾಖಕ್ಕೇ ಬಿಗಿ ಕಳೆದುಕೊಳ್ಳತೊಡಗುತ್ತದೆ. ನಮ್ಮ ಕವರ್ ಅಷ್ಟು ಕಾಯುತ್ತದೆಯೇ ಎಂದು ತಿಳಿಯುವುದು ಹೇಗೆ? "ಅಮ್ಮಾ, ಒಳಗಡೆ ಮೇಣದಬತ್ತಿಯ ಮೇಣ ಅಂಟಿಸೋಣ. ಕರಗಿದ್ರೆ ಗೊತ್ತಾಗುತ್ತಲ್ಲ" ಅಂದಳು ಮಗಳು. ಮೇಣದಬತ್ತಿಯ ಮೇಣ ಕರಗುವುದು ಸುಮಾರು 50–60 ಡಿಗ್ರಿಯಲ್ಲಿ. ಅಪಾಯದ ಗಡಿಗಿಂತ ಒಂದು ಹೆಜ್ಜೆ ಮುಂಚೆ! ನಾಲ್ಕೂ ಕವರಿನ ಒಳಮೈಯಲ್ಲಿ, ನಡುವಿನ ಹತ್ತಿರ ಚಿಟಿಕೆ ಮೇಣ ಒತ್ತಿ, ಸುತ್ತ ಪೆನ್ಸಿಲ್ ಗೆರೆ ಎಳೆದೆವು.

ಕೊಟ್ಟಿಗೆಹಾರದಿಂದ ಎರಡನೇ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲೂರದೆ, ಬೇಕಾದಾಗಷ್ಟೇ ಒತ್ತಿ ಬಿಡುತ್ತಾ ಇಳಿದೆ. ಚಾರ್ಮಾಡಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ, ಚಕ್ರ ಆರಿದ ಮೇಲೆ ಕವರ್ ಬಿಚ್ಚಿದೆವು. ಮುಂದಿನ ಎರಡರಲ್ಲಿ ಮೇಣ ಕೊಂಚ ಮೆತ್ತಗಾಗಿ ಅಂಚು ಮೊಂಡಾಗಿತ್ತು, ಗೆರೆ ದಾಟಿರಲಿಲ್ಲ. ಹಿಂದಿನ ಎರಡರಲ್ಲಿ ಒತ್ತಿದ ಬೆರಳಿನ ಗುರುತೂ ಹಾಗೇ ಇತ್ತು. ಇಳಿಯುವಾಗ ಮುಂದಿನ ಚಕ್ರಗಳ ಮೇಲೆ ಹೆಚ್ಚು ಭಾರ, ಹೆಚ್ಚು ಕೆಲಸ ಎಂಬುದನ್ನು ನಾಲ್ಕು ಚಿಟಿಕೆ ಮೇಣ ಮಗಳಿಗೆ ಕಲಿಸಿತು. ಮುಂದಿನ ಎರಡಕ್ಕೆ ನಡುವೆ ಇನ್ನೂ ನಾಲ್ಕು ಸಣ್ಣ ತೂತು ಕೊರೆಯಬೇಕೆಂದು ಅವಳೇ ಪುಸ್ತಕದಲ್ಲಿ ಬರೆದುಕೊಂಡಳು. ಹಾಗೇ ಮಾಡಿದ್ದೇವೆ.

ಈ ಕವರುಗಳಿಗೆ ನಾವು ಒಂದು ಪಂಚಾಂಗವನ್ನೂ ಗೊತ್ತುಮಾಡಿದ್ದೇವೆ. ಮೃಗಶಿರಾ ಮಳೆಗೆ ಮುಂಚೆ ಬಿಚ್ಚಿ ಅಟ್ಟಕ್ಕೆ. ದಸರೆಯ ಹೊತ್ತಿಗೆ ಮತ್ತೆ ಚಕ್ರಕ್ಕೆ. ಮಳೆಗಾಲದಲ್ಲಿ ರಿಮ್ಮಿನೊಳಗೆ ಕೆಸರು ಮೆತ್ತಿ ಚಕ್ರ ಅದುರತೊಡಗಿದರೆ ಕವರ್ ಅದನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ. ಆಗ ಬರಿಯ ರಿಮ್ಮೇ ವಾಸಿ. ಪ್ಲಾಸ್ಟರಿನ ಅಚ್ಚೂ ಅಟ್ಟದ ಮೇಲಿದೆ. ಯಾವುದಾದರೂ ಒಂದು ಒಡೆದರೆ ಮುಂದಿನ ಬೇಸಿಗೆಯಲ್ಲಿ ಐದನೆಯದು ಹುಟ್ಟುತ್ತದೆ.